ಮೊದಲು ತಕ್ಕಡಿ, ಆಮೇಲೆ ಅಖಾಡ

ವೃತ್ತಿಪರ ಬಾಕ್ಸಿಂಗ್‌ನ ಚರಿತ್ರೆಯಲ್ಲಿ ಎಂಟು ಬೇರೆ ಬೇರೆ ತೂಕದ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಎನಿಸಿಕೊಂಡವರು ಒಬ್ಬರೇ: ಫಿಲಿಪ್ಪೀನ್ಸ್‌ನ ಮ್ಯಾನಿ ಪಕ್ವಿಯಾವೊ. 1998ರಲ್ಲಿ 112 ಪೌಂಡ್ ಮಿತಿಯ ಫ್ಲೈವೇಟ್ ವಿಭಾಗದಲ್ಲಿ ಮೊದಲ ಪಟ್ಟ ಗೆದ್ದ ಅವರು 2010ರ ಹೊತ್ತಿಗೆ 154 ಪೌಂಡ್ ಮಿತಿಯ ವಿಭಾಗದ ಪಟ್ಟವನ್ನೂ ತಮ್ಮದಾಗಿಸಿಕೊಂಡರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 51 ಕಿಲೊ ಮಿತಿಯಿಂದ 70 ಕಿಲೊ ಮಿತಿಯವರೆಗಿನ ಏರುಹಾದಿ ಅದು. ಒಂದೆರಡು ಕಿಲೊ ವ್ಯತ್ಯಾಸವೇ ಸೋಲು ಗೆಲುವನ್ನು ನಿರ್ಧರಿಸುವ ಆಟದಲ್ಲಿ ಇದು ನಂಬಲಾಗದ ಸಾಧನೆ. ಆದರೆ ಈ ಸಾಧನೆಯನ್ನು ಕೊಂಡಾಡುವ ಭರದಲ್ಲಿ ನಾವು ಮರೆಯುವ ವಿವರವೊಂದಿದೆ. 1995ರ ಜನವರಿಯಲ್ಲಿ ವೃತ್ತಿಪರ ಕಣಕ್ಕೆ ಕಾಲಿಟ್ಟಾಗ ಹದಿನಾರು ವರ್ಷದ ಆ ಹುಡುಗ ಅತಿ ಹಗುರ ವಿಭಾಗಕ್ಕೆ ಬೇಕಾದಷ್ಟೂ ತೂಗುತ್ತಿರಲಿಲ್ಲ. ಜೇಬಿನಲ್ಲಿ ಭಾರದ ವಸ್ತುಗಳನ್ನಿಟ್ಟುಕೊಂಡು ತಕ್ಕಡಿಯ ಮೇಲೆ ನಿಂತದ್ದಾಗಿ ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಬಡವರ ಮನೆಯ ಹುಡುಗನೊಬ್ಬ ಜಗತ್ತಿನ ಎದುರು ನಿಲ್ಲಲು ಮೊದಲು ಗೆಲ್ಲಬೇಕಾದದ್ದು ಎದುರಾಳಿಯನ್ನಲ್ಲ, ತಕ್ಕಡಿಯನ್ನು ಎಂಬ ಸತ್ಯ ಆ ಜೇಬಿನಲ್ಲಿತ್ತು. 1978ರಲ್ಲಿ ಮಿಂಡನಾವೊ ದ್ವೀಪದ ಕಿಬಾವೆ ಎಂಬ ಊರಿನಲ್ಲಿ ಹುಟ್ಟಿ, ಜನರಲ್ ಸ್ಯಾಂಟೋಸ್ ನಗರದಲ್ಲಿ ಬೆಳೆದ ಪಕ್ವಿಯಾವೊ ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಮನಿಲಾ ಸೇರಿದರು. ಬೀದಿಯಲ್ಲಿ ಮಲಗಿದರು, ಕೂಲಿ ಮಾಡಿದರು, ಹೊಟ್ಟೆಪಾಡಿಗಾಗಿ ಗುದ್ದಾಡಿದರು. ಈ ಕಥೆಯನ್ನು ನಮ್ಮ ವ್ಯಕ್ತಿತ್ವ ವಿಕಸನದ ಭಾಷಣಕಾರರು ಹೇಳುವ ಬಗೆ ನಮಗೆ ಚೆನ್ನಾಗಿ ಗೊತ್ತು: 'ಹಸಿವೇ ಗುರು, ಛಲವೇ ಬಂಡವಾಳ, ಮನಸ್ಸಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿ ಬರುತ್ತದೆ.' ಕೇಳಲು ಹಿತವಾದ ಈ ಮಾತು ಬಡತನವನ್ನು ತರಬೇತಿ ಶಿಬಿರವೆಂದು ಬಿಂಬಿಸುತ್ತದೆ. ಹಸಿದವನ ಬಗ್ಗೆ ಸಮಾಜಕ್ಕಿರುವ ಹೊಣೆಯನ್ನು ಸದ್ದಿಲ್ಲದೆ ಹಸಿದವನ ಹೆಗಲಿಗೇ ದಾಟಿಸುತ್ತದೆ.

ಪಕ್ವಿಯಾವೊ ಅವರ ಬದುಕೇ ಈ ಮಾತಿಗೆ ಉತ್ತರ ಕೊಡುತ್ತದೆ. ಥಾಯ್ಲೆಂಡಿನ ಚಾಚಾಯ್ ಸಾಸಕುಲ್ ಅವರನ್ನು ಮಣಿಸಿ ಗಳಿಸಿದ ಮೊದಲ ಪಟ್ಟವನ್ನು ಅವರು ಕಳೆದುಕೊಂಡದ್ದು ಹೊಡೆತ ತಿಂದಲ್ಲ. 1999ರ ಸೆಪ್ಟೆಂಬರ್‌ನಲ್ಲಿ, ಬೆಳೆಯುತ್ತಿದ್ದ ದೇಹವನ್ನು 112 ಪೌಂಡ್‌ಗೆ ಇಳಿಸಲಾಗದೆ, ಪಂದ್ಯಕ್ಕೆ ಮೊದಲೇ ತಕ್ಕಡಿಯ ಮೇಲೆ ಪಟ್ಟ ಹೋಯಿತು. ಬಸವಳಿದ ದೇಹದೊಂದಿಗೆ ಕಣಕ್ಕಿಳಿದವರು ಮೂರನೆಯ ಸುತ್ತಿನಲ್ಲೇ ನೆಲಕಚ್ಚಿದರು. ಹಸಿವು ಅಲ್ಲಿ ಗುರುವಾಗಲಿಲ್ಲ, ಶತ್ರುವಾಯಿತು. ದೇಹಕ್ಕೆ ಅದರ ಸಹಜ ಬೆಳವಣಿಗೆಯನ್ನು ಬಿಟ್ಟುಕೊಟ್ಟು ಮೇಲಿನ ವಿಭಾಗಗಳಿಗೆ ಏರಿದ ಮೇಲೆಯೇ ಅವರ ನಿಜವಾದ ವೈಭವ ಆರಂಭವಾದದ್ದು. 2001ರಲ್ಲಿ ಕೆಲವೇ ದಿನಗಳ ಸೂಚನೆಯ ಮೇರೆಗೆ ಅಮೆರಿಕದಲ್ಲಿ ಕಣಕ್ಕಿಳಿದು ದಕ್ಷಿಣ ಆಫ್ರಿಕದ ಲೆಡ್ವಾಬಾ ಅವರಿಂದ ಸೂಪರ್ ಬ್ಯಾಂಟಂವೇಟ್ ಪಟ್ಟ ಕಸಿದುಕೊಂಡಾಗ ಅವರ ಬೆನ್ನಿಗೆ ಫ್ರೆಡ್ಡಿ ರೋಚ್ ಎಂಬ ತರಬೇತುದಾರರಿದ್ದರು. ತಟ್ಟೆಯಲ್ಲಿ ಊಟವಿತ್ತು, ದೇಹವನ್ನು ನೋಡಿಕೊಳ್ಳುವವರಿದ್ದರು. ಛಲ ಮನಿಲಾದ ಬೀದಿಯಲ್ಲೂ ಇತ್ತು. ಆದರೆ ಛಲವೊಂದೇ ಅವರನ್ನು ಎಂಟು ಮೆಟ್ಟಿಲು ಹತ್ತಿಸಲಿಲ್ಲ.

ಈ ಎಂಟರ ಲೆಕ್ಕದ ಬಗ್ಗೆ ತಕರಾರುಗಳೂ ಇವೆ, ಅವನ್ನು ಮುಚ್ಚಿಡಬೇಕಿಲ್ಲ. ಇಂದು ವೃತ್ತಿಪರ ಬಾಕ್ಸಿಂಗ್‌ಗೆ ನಾಲ್ಕು ಪ್ರಮುಖ ಸಂಸ್ಥೆಗಳು, ಹದಿನೇಳಕ್ಕೂ ಕಡಿಮೆಯಿಲ್ಲದ ವಿಭಾಗಗಳು, ಎಣಿಸಲಾಗದಷ್ಟು ಬೆಲ್ಟುಗಳು. ಪಕ್ವಿಯಾವೊ ಅವರ ಎಂಟರಲ್ಲಿ ಎಲ್ಲವೂ ಈ ಸಂಸ್ಥೆಗಳು ಕೊಟ್ಟ ಪಟ್ಟಗಳಲ್ಲ. 2010ರಲ್ಲಿ ಆಂಟೋನಿಯೊ ಮಾರ್ಗರಿಟೊ ವಿರುದ್ಧದ ಪಂದ್ಯ 154 ಪೌಂಡ್ ಪಟ್ಟಕ್ಕಾಗಿಯೇ ನಡೆದರೂ ಇಬ್ಬರೂ ಒಪ್ಪಿಕೊಂಡ ಮಿತಿ 150 ಪೌಂಡ್ ಆಗಿತ್ತು. ಹಾಗಿದ್ದರೂ ಆ ರಾತ್ರಿ ಟೆಕ್ಸಸ್‌ನ ಕಣದಲ್ಲಿ ತನಗಿಂತ ಎತ್ತರದ, ತನಗಿಂತ ಭಾರದ ಎದುರಾಳಿಯನ್ನು ಹನ್ನೆರಡು ಸುತ್ತು ಎದುರಿಸಿ ಗೆದ್ದದ್ದು ಸುಳ್ಳಲ್ಲ. 2019ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವರು ಕೀತ್ ಥರ್ಮನ್ ಅವರನ್ನು ಸೋಲಿಸಿ ವೆಲ್ಟರ್‌ವೇಟ್ ಪಟ್ಟ ಗೆದ್ದರು. 2025ರ ಜುಲೈನಲ್ಲಿ, ನಲವತ್ತಾರರಲ್ಲಿ, ಮರಳಿ ಕಣಕ್ಕೆ ಬಂದು ಚಾಂಪಿಯನ್ ಮಾರಿಯೊ ಬ್ಯಾರಿಯೊಸ್ ಜೊತೆ ಡ್ರಾ ಮಾಡಿಕೊಂಡರು. ಬೆಲ್ಟುಗಳ ಲೆಕ್ಕ ಏನೇ ಇರಲಿ, ದೇಹ ಏರಿದ ಎತ್ತರದ ಬಗ್ಗೆ ಅನುಮಾನವಿಲ್ಲ.

ಹಾಗಾದರೆ ತೂಕದ ವಿಭಾಗ ಎಂದರೇನು? ಬಾಕ್ಸಿಂಗ್ ತನ್ನ ಆರಂಭದ ದಿನಗಳಲ್ಲಿ ಇಂಥದ್ದೊಂದನ್ನು ಬಲ್ಲದಾಗಿತ್ತು ಎನ್ನಲಾಗದು. ದೊಡ್ಡವನು ಸಣ್ಣವನನ್ನು ಬಡಿದು ಹಾಕುವುದೇ ಬಹುಪಾಲು ಆಟವಾಗಿತ್ತು. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ವಿಭಾಗಗಳನ್ನು ನಿಗದಿ ಮಾಡಿತು. ಬರ್ಬರವೆಂದು ನಾವು ಮೂಗು ಮುರಿಯುವ ಆಟವೊಂದು, ಸಮಾನರ ನಡುವೆ ನಡೆದರೆ ಮಾತ್ರ ಅದು ಸ್ಪರ್ಧೆ, ಇಲ್ಲವಾದರೆ ಹಲ್ಲೆ ಎಂಬ ತತ್ತ್ವವನ್ನು ಲಿಖಿತ ನಿಯಮವಾಗಿಸಿದ ಕ್ಷಣ ಅದು. ನಮ್ಮ ಉತ್ತರ ಕರ್ನಾಟಕದ ಜಾತ್ರೆಯ ಕುಸ್ತಿಗೂ ಈ ವಿವೇಕ ಹೊಸದಲ್ಲ. ಅಲ್ಲಿ ತಕ್ಕಡಿ ಇರುವುದಿಲ್ಲ, ಆದರೆ ಜೋಡಿ ಕಟ್ಟುವ ಹಿರಿಯರಿರುತ್ತಾರೆ. ಕೆಂಪು ಮಣ್ಣಿನ ಅಂಚಿನಲ್ಲಿ ನಿಂತ ಪೈಲ್ವಾನರ ಹೆಗಲು, ಕುತ್ತಿಗೆ, ತೊಡೆಗಳನ್ನು ಕಣ್ಣಲ್ಲೇ ಅಳೆದು ಜೋಡಿ ಮಾಡುತ್ತಾರೆ. ಹೊಂದಾಣಿಕೆ ತಪ್ಪಿದರೆ 'ಜೋಡಿ ಸರಿಯಿಲ್ಲ' ಎಂದು ಸುತ್ತ ನೆರೆದ ಮಂದಿಯೇ ಕೂಗುತ್ತಾರೆ. ನ್ಯಾಯದ ಈ ಕಣ್ಣು ಜನಪದಕ್ಕೆ ಇದೆ. ಇಲ್ಲದಿರುವುದು ನಮ್ಮ ಸಾರ್ವಜನಿಕ ಬದುಕಿಗೆ.

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂಥ ಊರನ್ನು ನೆನೆದಾಗ ಈ ಕೊರತೆ ಢಾಳಾಗಿ ಕಾಣುತ್ತದೆ. ಮುಲ್ಲಾಮಾರಿ ಹೊಳೆಯ ದಂಡೆ, ಸುತ್ತ ತೊಗರಿಯ ಹೊಲ, ತಾಲ್ಲೂಕಿನ ಹಳ್ಳಿಗಳಿಂದ, ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ಸಂಸಾರಗಳು. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕಾಗಿ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವೇ ಆಗಿದ್ದವು. ಚಿಂಚೋಳಿ, ಸೇಡಂ, ಚಿತ್ತಾಪುರಗಳು ಆ ಪಟ್ಟಿಯಲ್ಲಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು, ಶೇ 32.9ರಷ್ಟು ಮಂದಿ ವಯಸ್ಸಿಗೆ ತಕ್ಕ ತೂಕ ಇಲ್ಲದವರು. ಕಲಬುರಗಿ, ಯಾದಗಿರಿ ಜಿಲ್ಲೆಗಳ ಸ್ಥಿತಿ ಈ ಸರಾಸರಿಗಿಂತಲೂ ಕೆಟ್ಟದ್ದು. ಈ ಮಕ್ಕಳು ಮುಂದೆ ಬೆಂಗಳೂರಿನ, ಮಂಗಳೂರಿನ ಮಕ್ಕಳೊಂದಿಗೆ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ 'ಕಲಬುರಗಿ ಮತ್ತೆ ಕೆಳಗೆ' ಎಂದು ನಾವು ಲೊಚಗುಟ್ಟುತ್ತೇವೆ. ಜೋಡಿ ಸರಿಯಿಲ್ಲ ಎಂದು ಕೂಗುವವರು ಮಾತ್ರ ಯಾರೂ ಇಲ್ಲ.

ಸಂವಿಧಾನಕ್ಕೆ 98ನೆಯ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಶಿಕ್ಷಣ ಮತ್ತು ಉದ್ಯೋಗದಲ್ಲಿ ಕಲ್ಯಾಣ ಕರ್ನಾಟಕದ ಜನರಿಗೆ ಮೀಸಲಾತಿ ನೀಡಿದ ಈ ವ್ಯವಸ್ಥೆ ಪ್ರತಿಭೆಗೆ ಅಡ್ಡಿ, ಸೋಮಾರಿತನಕ್ಕೆ ಪ್ರೋತ್ಸಾಹ ಎಂಬ ಗೊಣಗಾಟ ನಗರದ ವಿದ್ಯಾವಂತರ ಮನೆಗಳಲ್ಲಿ ಅಪರೂಪವಲ್ಲ. ಅಂಥವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಫ್ಲೈವೇಟ್ ಚಾಂಪಿಯನ್ನನನ್ನು ಯಾರಾದರೂ 'ರಿಯಾಯಿತಿಯ ಚಾಂಪಿಯನ್' ಎಂದು ಕರೆದದ್ದುಂಟೇ? ತೂಕದ ವಿಭಾಗ ಕೌಶಲಕ್ಕೆ ಕೊಡುವ ವಿನಾಯಿತಿಯಲ್ಲ. ಕೌಶಲ ಕಾಣಿಸಿಕೊಳ್ಳಲು ಬೇಕಾದ ಕನಿಷ್ಠ ಷರತ್ತು. ಅದಿಲ್ಲದಿದ್ದರೆ ಪಕ್ವಿಯಾವೊ ಎಂಬ ಹೆಸರು ಜನರಲ್ ಸ್ಯಾಂಟೋಸ್‌ನ ಆಚೆ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಆದರೆ ಕೆಳಗಿನ ವಿಭಾಗ ಯಾರ ಶಾಶ್ವತ ವಿಳಾಸವೂ ಆಗಬಾರದು. ಇಲ್ಲಿಯೇ 371(ಜೆ) ಪರವಾಗಿ ಮಾತಾಡುವವರೂ ಆತ್ಮಾವಲೋಕನ ಮಾಡಿಕೊಳ್ಳಬೇಕಾದದ್ದಿದೆ. ಸೀಟು ಮತ್ತು ಹುದ್ದೆಗಳ ಲೆಕ್ಕಕ್ಕೆ ಹೋರಾಟ ಸೀಮಿತವಾದರೆ, ಆ ಸೀಟಿನವರೆಗೆ ತಲುಪುವ ಮೊದಲೇ ಶಾಲೆ ಬಿಟ್ಟ ತಾಂಡಾದ ಮಗು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ವಿಭಾಗದ ಉದ್ದೇಶ ಸಣ್ಣವನನ್ನು ಸಣ್ಣವನಾಗಿಯೇ ಉಳಿಸುವುದಲ್ಲ, ಅವನು ಬೆಳೆದು ಮೇಲಿನ ವಿಭಾಗಕ್ಕೆ ಏರುವವರೆಗೆ ಅವನನ್ನು ಕಾಯುವುದು.

ಏರುವುದಕ್ಕೆ ಏನು ಬೇಕೆಂಬುದಕ್ಕೆ ನಮ್ಮ ಹತ್ತಿರದಲ್ಲೇ ನಿದರ್ಶನಗಳಿವೆ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಲಾರಿ ಚಾಲಕರೊಬ್ಬರ ಮಗ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೊ ವಿಭಾಗದ ವೇಟ್‌ಲಿಫ್ಟಿಂಗ್‌ನಲ್ಲಿ ಒಟ್ಟು 249 ಕಿಲೊ ಎತ್ತಿ ಬೆಳ್ಳಿ ಗೆದ್ದರು. ಅದೇ ವರ್ಷ ಅಂತರರಾಷ್ಟ್ರೀಯ ಒಕ್ಕೂಟ ತೂಕದ ವಿಭಾಗಗಳನ್ನು ಬದಲಿಸಿತು, 56 ಕಿಲೊ ವಿಭಾಗವೇ ಇಲ್ಲವಾಯಿತು. 2022ರ ಬರ್ಮಿಂಗ್‌ಹ್ಯಾಂ ಕೂಟದಲ್ಲಿ ಅವರು 61 ಕಿಲೊ ವಿಭಾಗದಲ್ಲಿ 269 ಕಿಲೊ ಎತ್ತಿ ಕಂಚು ತಂದರು. ಕಾಲ ಕೆಳಗಿನ ಮೆಟ್ಟಿಲನ್ನೇ ತೆಗೆದರೂ ಅವರು ಬೀಳದೆ ಮೇಲೇರಿದರು. ಅದಕ್ಕೆ ಅವರ ಛಲದಷ್ಟೇ ಉಜಿರೆಯ ಕಾಲೇಜಿನಲ್ಲಿ ಸಿಕ್ಕ ತರಬೇತಿ, ವಾಯುಪಡೆಯ ನೌಕರಿ ಕಾರಣ. ಇನ್ನು ಚಿಂಚೋಳಿಯ ಗಡಿಯಾಚೆ, ಒಂದು ಕಾಲಕ್ಕೆ ಇದೇ ನಿಜಾಮ ಸಂಸ್ಥಾನದ ಭಾಗವಾಗಿದ್ದ ತೆಲಂಗಾಣದ ನಿಜಾಮಾಬಾದಿನಿಂದ ಬಂದ ನಿಖತ್ ಝರೀನ್ 2022ರಲ್ಲಿ 52 ಕಿಲೊ, 2023ರಲ್ಲಿ 50 ಕಿಲೊ ವಿಭಾಗದಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ಅವರಿಗೆ ಮಗಳ ಕೈಗೆ ಗ್ಲೌಸ್ ತೊಡಿಸುವ ತಂದೆಯಿದ್ದರು, ವಿಶಾಖಪಟ್ಟಣದಲ್ಲಿ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿತ್ತು. ಚಿಮ್ಮನಚೋಡದ ಹುಡುಗಿಯೊಬ್ಬಳಿಗೆ ಅಂಥ ತೋಳ್ಬಲವಿದ್ದರೆ ಅದನ್ನು ಮೊದಲು ಗುರುತಿಸುವವರು ಯಾರು? ಗುರುತಿಸಿದರೂ, ದಿನವೂ ಕಲಬುರಗಿಯ ಕ್ರೀಡಾಂಗಣಕ್ಕೆ ಹೋಗಿಬರುವ ಬಸ್ಸಿನ ಖರ್ಚು ಯಾರದು? ಅಭ್ಯಾಸ ಮುಗಿಸಿ ಬಂದವಳ ತಟ್ಟೆಯಲ್ಲಿ ಏನಿರುತ್ತದೆ?

ಒಬ್ಬರು ಏರಿದರೆ ಉಳಿದವರೂ ಏರುತ್ತಾರೆ ಎಂಬ ಭ್ರಮೆಯನ್ನೂ ಬಿಡಬೇಕು. ಪಕ್ವಿಯಾವೊ 2010ರಲ್ಲಿ ಸಂಸದರಾದರು, 2016ರಲ್ಲಿ ಸೆನೆಟರ್ ಆದರು, 2022ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಸೋತರು. ಬಡವರ ಮಗನೆಂಬ ಅವರ ಕಥೆಯನ್ನು ದೇಶ ಮೆಚ್ಚಿತು. ಆದರೆ ಮನಿಲಾದ ಬೀದಿಯಲ್ಲಿ ಮಲಗುವ ಮಕ್ಕಳು ಇಲ್ಲವಾಗಲಿಲ್ಲ. ನಮ್ಮ ಚಿಂಚೋಳಿಯೇ ವೀರೇಂದ್ರ ಪಾಟೀಲರನ್ನು ಕೊಟ್ಟಿತು. ಅವರು ಎರಡು ಬಾರಿ, 1968ರಲ್ಲಿ ಮತ್ತು 1989ರಲ್ಲಿ, ರಾಜ್ಯದ ಮುಖ್ಯಮಂತ್ರಿಯಾದರು. ದಕ್ಷ ಆಡಳಿತಗಾರರೆಂದು ಹೆಸರಾದವರ ತಾಲ್ಲೂಕು 2002ರಲ್ಲೂ ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲೇ ಇತ್ತು. ಇದು ಆ ವ್ಯಕ್ತಿಗಳ ಮೇಲಿನ ದೂರಲ್ಲ. ಚಾಂಪಿಯನ್ನನ ಹೆಗಲ ಮೇಲೆ ಊರನ್ನೇ ಹೊರಿಸಿ ನಿಶ್ಚಿಂತರಾಗುವ ನಮ್ಮ ಅಭ್ಯಾಸದ ಬಗೆಗಿನ ದೂರು.

ದಾರಿ ಇಲ್ಲವೆಂದೇನಲ್ಲ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು 2021ರ ಡಿಸೆಂಬರ್‌ನಲ್ಲಿ ಆರಂಭಿಸಿದಾಗ ಎದ್ದ ವಿರೋಧ ನೆನಪಿರಬಹುದು. ಯಾದಗಿರಿಯ ಶಾಲಾ ಮಕ್ಕಳ ನಡುವೆ ನಡೆದ ಅಧ್ಯಯನ, ಮೊಟ್ಟೆ ತಿಂದವರ ತೂಕ ಹೆಚ್ಚಿದ್ದನ್ನು ದಾಖಲಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿನ ಆಯ್ಕೆಯೂ ಇತ್ತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆಯಾಯಿತು. ಇಷ್ಟು ಸರಳ ಸಂಗತಿಯೊಂದು ವಾದ ವಿವಾದಗಳ ಕೆಸರನ್ನು ದಾಟಿ ಬರಬೇಕಾಯಿತೆಂಬುದೇ ಮಕ್ಕಳ ತೂಕವನ್ನು ನಾವು ಎಷ್ಟು ಹಗುರವಾಗಿ ನೋಡುತ್ತೇವೆಂಬುದಕ್ಕೆ ಸಾಕ್ಷಿ.

ಅಂಗನವಾಡಿಯಲ್ಲಿ ಮಗುವನ್ನು ತೂಗಿ ದಾಖಲೆಯಲ್ಲಿ ಬರೆಯುವ ವ್ಯವಸ್ಥೆ ದಶಕಗಳಿಂದ ಇದೆ. ಬಾಕ್ಸಿಂಗ್‌ನಲ್ಲಿ ತಕ್ಕಡಿ ತೋರಿಸುವ ಅಂಕಿಗೆ ಬೆಲೆಯಿದೆ. ಒಂದು ಪೌಂಡ್ ವ್ಯತ್ಯಾಸವಾದರೂ ಪಂದ್ಯವನ್ನು ನಿಲ್ಲಿಸುವ, ಪಟ್ಟವನ್ನು ಕಸಿಯುವ ಅಧಿಕಾರ ಅದಕ್ಕಿದೆ. ಅಂಗನವಾಡಿಯ ತಕ್ಕಡಿಗೆ ಅಂಥ ಅಧಿಕಾರವಿಲ್ಲ. ಅಲ್ಲಿ ಬರೆದ ಅಂಕಿ ವರದಿಯಾಗಿ ಮೇಲಕ್ಕೆ ಹೋಗುತ್ತದೆ, ಉತ್ತರವಾಗಿ ಕೆಳಕ್ಕೆ ಬರುವುದಿಲ್ಲ. ತಾಲ್ಲೂಕಿನ ಮಕ್ಕಳ ತೂಕ ಏರದ ವರ್ಷ ಜಿಲ್ಲಾಡಳಿತ, ಶಾಸಕರು, ಪ್ರದೇಶಾಭಿವೃದ್ಧಿ ಮಂಡಳಿ ಜನರೆದುರು ನಿಂತು ಕಾರಣ ಹೇಳಬೇಕೆಂಬ ನಿಯಮವೊಂದು ಬಂದರೆ ಸಾಕು, ರಸ್ತೆ ಕಟ್ಟಡಗಳ ಕಾಮಗಾರಿಯ ಪಟ್ಟಿಗಳ ನಡುವೆ ಮಗುವಿನ ತಟ್ಟೆಗೂ ಜಾಗ ಸಿಗುತ್ತದೆ. ಕಣಕ್ಕಿಳಿದ ಮೇಲೆ ಗೆಲ್ಲುವುದೋ ಸೋಲುವುದೋ ಆ ಮಗುವಿಗೆ ಬಿಟ್ಟದ್ದು. ಕಣಕ್ಕಿಳಿಯುವಷ್ಟು ತೂಕವನ್ನು ಅದರ ಮೈಗೆ ತುಂಬುವ ಹೊಣೆ ಮಾತ್ರ ನಮ್ಮದು.