ನಾಲ್ಕು ವರ್ಷದ ಕೂಸಿಗೂ ಸಮ್ಮರ್ ಕ್ಯಾಂಪಾ?

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಟೀಪಾಯ್ ಮೇಲೆ ಬಣ್ಣಬಣ್ಣದ ಪಾಂಪ್ಲೆಟ್ಟು. ಮೂರರಿಂದ ಐದು ವರ್ಷದ ಮಕ್ಕಳಿಗೆ ಸಮ್ಮರ್ ಕ್ಯಾಂಪ್ ಅಂತೆ. ಅಬಾಕಸ್, ಫೋನಿಕ್ಸ್, ಜೊತೆಗೆ ಕೋಡಿಂಗ್! ಅಲ್ಲಾ ಸ್ವಾಮಿ, ನಾನು ಇಂಜಿನಿಯರಿಂಗ್ ಮುಗಿಸಿ ಆರು ವರ್ಷದಿಂದ ಅದನ್ನೇ ಮಾಡ್ತಿದೀನಿ, ಇವತ್ತಿಗೂ ನನ್ನ ಪ್ರೋಗ್ರಾಮು ಒಂದೇ ಸಲಕ್ಕೆ ನೆಟ್ಟಗೆ ಓಡಲ್ಲ. ಚಪ್ಪಲಿ ಎಡ ಬಲ ಗೊತ್ತಾಗದ ಪುಟ್ಟಿ ಕೋಡಿಂಗ್ ಕಲೀಬೇಕಂತೆ :)

"ಪಕ್ಕದ ಮನೆ ಮಗು ಸೇರ್ತಿದೆ ಕಣೋ. ಇವಳು ಹಿಂದೆ ಬೀಳ್ತಾಳೆ" ಅಂದಳು ಅಕ್ಕ. ಈ 'ಹಿಂದೆ ಬೀಳೋ' ಭಯವೇ ಆ ಪಾಂಪ್ಲೆಟ್ಟಿನವರ ಬಂಡವಾಳ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕವೇ ಕಲಿಕೆ ಅನ್ನುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿಕೊಂಡು ಆಡಬೇಕು, ಸ್ಕ್ರೀನು 1 ಗಂಟೆ ಮೀರಬಾರದು. ಅವರೆಲ್ಲ ಆಡಿಸಿ ಅಂತಿದ್ದಾರೆ. ನಾವು ಕೂರಿಸ್ತಿದೀವಿ.

ಅವತ್ತು ಅಮ್ಮನ ಹಳೇ ಚನ್ನೆಮಣೆ ಅಟ್ಟದಿಂದ ಇಳಿಸಿದೆ. 14 ಗುಳಿ, ಗುಳಿಗೆ ನಾಲ್ಕರಂತೆ 56 ಹುಣಸೆಬೀಜ. ಪೂರ್ತಿ ಆಟ ಅವಳಿಗೆ ಬರಲ್ಲ, ಬರಬೇಕಾಗೂ ಇಲ್ಲ. ನಾಲ್ಕು ನಾಲ್ಕು ಹಾಕು ಅಂದೆ. ಒಂದು ಗುಳಿ ತುಂಬಿಸಿ ತಲೆಯೆತ್ತಿ ಕೇಳಿದಳು, "ಮಾಮಾ, ಕರೆಕ್ಟಾ?" ಇನ್ನೊಂದು ತುಂಬಿಸಿದಳು. ಮತ್ತೆ, "ಕರೆಕ್ಟಾ?" ಒಂದೇ ವರ್ಷದ ಎಲ್‌ಕೆಜಿಗೆ ಆಟದಲ್ಲೂ ಮಾರ್ಕ್ಸಿನ ಹೆದರಿಕೆ ಬಂದಿತ್ತು. ನನಗೆ ನಿಜಕ್ಕೂ ಹೊಟ್ಟೆ ಉರೀತು.

ಬೇಸಿಗೇಲಿ ಮನೇಲಿ ಏನಿಲ್ಲ ಹೇಳಿ? ತಾರಸಿ ಮೇಲೆ ಹಪ್ಪಳ ಸಂಡಿಗೆ ಒಣಗ್ತಿರುತ್ತೆ, ಕಾಗೆ ಓಡಿಸೋ ಕೆಲಸ ಕೊಡಿ. ಒಂದು ಚೊಂಬು ನೀರು, ಒಂದು ಹಳೇ ಬ್ರಷ್ಷು ಕೊಟ್ಟು ತಾರಸಿ ಮೇಲೆ ಚಿತ್ರ ಬರೀ ಅನ್ನಿ. ಬಿಸಿಲಿಗೆ ಅದು ಮಾಯ ಆದಾಗ "ನೀರು ಎಲ್ಲಿಗೆ ಹೋಯ್ತು?" ಅಂತ ಅವರೇ ಕೇಳ್ತಾರೆ. ವಿಜ್ಞಾನ ಶುರುವಾಗೋದೇ ಅಲ್ಲಿ. ಒಂದು ಲೋಟದಿಂದ ಇನ್ನೊಂದಕ್ಕೆ ಕಾಳು ಸುರಿಯೋದು ಮಾಂಟೆಸ್ಸರಿ ಶಾಲೆಗಳಲ್ಲಿ ಪಾಠ, ಅಡುಗೆಮನೇಲಿ ಪುಕ್ಕಟೆ! (ಬೀಜ, ಕಾಳು ಕೊಟ್ಟಾಗ ಪಕ್ಕದಲ್ಲೇ ಇರಿ. ಮೂರು ತುಂಬದ ಮಕ್ಕಳ ಕೈಗಂತೂ ಬೇಡ, ಬಾಯಿಗೆ ಹಾಕ್ಕೋತಾವೆ.)

"ನಿಂದೇನೋ, ಮದುವೆ ಇಲ್ಲ ಮಕ್ಕಳಿಲ್ಲ. ನಾವಿಬ್ಬರೂ ಆಫೀಸಿಗೆ ಹೋದ್ರೆ ನೋಡ್ಕೊಳ್ಳೋರು ಯಾರು?" ಅಂತ ಅಕ್ಕ ರೇಗಿದಳು. ನ್ಯಾಯವಾದ ಮಾತೇ. ಮಗು ಬಿಡೋಕೆ ಒಂದು ಜಾಗ ಬೇಕು, ಅದು ತಪ್ಪಲ್ಲ. ಆದರೆ ಹುಡುಕುವಾಗ ನೆರಳಿದೆಯಾ, ಮಣ್ಣಿದೆಯಾ, ಬಿದ್ದರೆ ಎತ್ತಿಕೊಳ್ಳೋ ಆಯಾ ಇದ್ದಾರಾ ನೋಡಿ. 'ಬ್ರೈನ್ ಡೆವಲಪ್‌ಮೆಂಟ್' ಬೋರ್ಡು ನೋಡಿ ದುಡ್ಡು ಕಟ್ಟಬೇಡಿ. ಸಂಜೆ ಅರ್ಧ ಗಂಟೆ ಫೋನ್ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರೆ ಮಿಕ್ಕಿದ್ದು ಅವರೇ ನೋಡ್ಕೋತಾರೆ. ಕಳೆದ ಸಲ ಹೋದಾಗ ಪುಟ್ಟಿ ಕೈಗೆ ಫೋನು ಕೊಟ್ಟು ಸುಮ್ಮನಾಗಿಸಿದ್ದು ನಾನೇ, ಅದನ್ನೂ ಒಪ್ಕೋತೀನಿ.

ಹೊರಡೋ ಹೊತ್ತಿಗೆ ಪುಟ್ಟಿ "ಕರೆಕ್ಟಾ" ಬಿಟ್ಟು "ಇನ್ನೊಂದ್ಸಲ ಮಾಮಾ" ಅಂತಿದ್ದಳು. ಪಾಂಪ್ಲೆಟ್ಟು ಇನ್ನೂ ಟೀಪಾಯ್ ಮೇಲೇ ಇದೆ, ಅಕ್ಕ ತೀರ್ಮಾನ ಮಾಡಿಲ್ಲ. ನಾನಂತೂ ಮುಂದಿನ ಭಾನುವಾರವೂ ಹೋಗ್ತೀನಿ.

ನಿಮ್ಮನೆ ಪುಟಾಣಿಗಳ ಬೇಸಿಗೆ ಹೇಗೆ ನಡೀತಿದೆ? ಬರೀರಿ.