ವ್ಯಸನಕ್ಕೆ ಸಿಕ್ಕ ಫುಟ್‌ಬಾಲ್ ಆಟಗಾರರ ಚಿಕಿತ್ಸೆ ಹಾಗೂ ಮರಳುವಿಕೆ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬಳ್ಳಾರಿ ಜಿಲ್ಲೆ, ಬಳ್ಳಾರಿ.

ಇವರಿಂದ,
ಕೆಂಚನಗುಡ್ಡ ಹಾಗೂ ಸುತ್ತಲಿನ ಗ್ರಾಮಗಳ ಫುಟ್‌ಬಾಲ್ ಆಟಗಾರರು ಮತ್ತು ಪಾಲಕರು,
ಸಿರುಗುಪ್ಪ ತಾಲ್ಲೂಕು.

ವಿಷಯ: ಕುಡಿತ ಮತ್ತಿತರ ಚಟಗಳಿಗೆ ಬಲಿಯಾಗುವ ಯುವ ಆಟಗಾರರಿಗೆ ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಕೊಡಿಸಿ, ಮತ್ತೆ ಆಟಕ್ಕೆ ಸೇರಿಸಿಕೊಳ್ಳುವ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತುಂಗಭದ್ರೆಯ ದಂಡೆಯ ನಮ್ಮ ಊರುಗಳಲ್ಲಿ ಭತ್ತದ ಕೊಯ್ಲು ಮುಗಿದ ಕೂಡಲೇ ಹುಡುಗರು ಗದ್ದೆಗೆ ಇಳಿಯುತ್ತಾರೆ. ಕೂಳೆ ಚುಚ್ಚುವ ನೆಲದಲ್ಲಿ ಬರಿಗಾಲಲ್ಲೇ ಚೆಂಡು ಒದೆಯುತ್ತಾರೆ. ಅದೇ ಬದುವಿನ ಮೇಲೆ ಗುಟ್ಕಾ ಚೀಟಿಗಳೂ ಮದ್ಯದ ಖಾಲಿ ಪ್ಯಾಕೆಟ್‌ಗಳೂ ಬಿದ್ದಿರುತ್ತವೆ. ಗೆದ್ದ ತಂಡಕ್ಕೆ ಪಾರ್ಟಿ ಕೊಡುವುದೆಂದರೆ ಕುಡಿಸುವುದು ಎಂದಾಗಿದೆ. ಎಷ್ಟೋ ಸಲ ಹುಡುಗನ ಕೈಗೆ ಮೊದಲ ಲೋಟ ಇಡುವವರು ಊರಿನ ಹಿರಿಯರೇ. ಮುಂದೆ ಅವನು ಚಟಕ್ಕೆ ಬಿದ್ದಾಗ "ಕೈಮೀರಿದ ಹುಡುಗ, ಬಿಟ್ಟಾಕ್ರಿ" ಎನ್ನುವವರೂ ಅವರೇ. ಮೊಣಕಾಲು ತಿರುಚಿದವನನ್ನು ಆಸ್ಪತ್ರೆಗೆ ಹೊತ್ತೊಯ್ಯುವ ತಂಡ, ಕುಡಿತಕ್ಕೆ ಬಿದ್ದವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ. ನಮ್ಮ ದೂರು ಇರುವುದು ಈ ತಾರತಮ್ಯದ ಬಗ್ಗೆ.

ಹೀಗೆ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್‌ನ ಗರಿಂಚಾ ಅವರ ಬದುಕೇ ಸಾಕ್ಷಿ. ಪಾವ್ ಗ್ರಾಂಡೆ ಎಂಬ ಬಟ್ಟೆ ಗಿರಣಿಯ ಊರಿನ ಬಡ ಹುಡುಗ. ಹುಟ್ಟಿನಿಂದ ಕಾಲು ಸೊಟ್ಟ, ತಂದೆ ಕುಡುಕ. ಅವರು 1958ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. 1962ರಲ್ಲಿ ಪೆಲೆ ಎರಡನೇ ಪಂದ್ಯದಲ್ಲೇ ಗಾಯಗೊಂಡು ಹೊರಗುಳಿದಾಗ, ಇಂಗ್ಲೆಂಡ್ ವಿರುದ್ಧ ಎರಡು, ಚಿಲಿ ವಿರುದ್ಧ ಎರಡು ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಮುಟ್ಟಿಸಿದರು. ಕಪ್ ಮತ್ತೆ ಬ್ರೆಜಿಲ್‌ಗೆ ಬಂತು. ಜನ ಅವರನ್ನು ತಲೆಯ ಮೇಲೆ ಹೊತ್ತು ಮೆರೆದರು. ಆದರೆ ಮೊಣಕಾಲು ಸೋತು, ಸಂಸಾರ ಒಡೆದು, ಕುಡಿತ ಹೆಚ್ಚಿದಾಗ ಅವರನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಯಾವುದೂ ಇರಲಿಲ್ಲ. 1969ರಲ್ಲಿ ಅವರು ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಅತ್ತೆ ತೀರಿಕೊಂಡರು. 1983ರ ಜನವರಿಯಲ್ಲಿ, 49ನೇ ವಯಸ್ಸಿಗೆ, ಕುಡಿತದಿಂದಲೇ ಅವರ ಪ್ರಾಣ ಹೋಯಿತು. ಶವದ ಮೆರವಣಿಗೆಗೆ ಸಾವಿರಾರು ಜನ ಸೇರಿದ್ದರು. ಅವರಲ್ಲಿ ಹತ್ತು ಜನ ಗರಿಂಚಾ ಬದುಕಿದ್ದಾಗ ಬಂದಿದ್ದರೂ ಸಾಕಿತ್ತು ಎಂದು ನಮಗನ್ನಿಸುತ್ತದೆ. 1968ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನೆನಿಸಿದ್ದ ಜಾರ್ಜ್ ಬೆಸ್ಟ್ ಕೂಡ ಇದೇ ದಾರಿ ಹಿಡಿದರು. 2002ರಲ್ಲಿ ಯಕೃತ್ತಿನ ಕಸಿಯಾದರೂ 2005ರಲ್ಲಿ ತೀರಿಕೊಂಡರು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಆರ್ಸೆನಲ್ ತಂಡದ ನಾಯಕ ಟೋನಿ ಆಡಮ್ಸ್ 1990ರಲ್ಲಿ ಕುಡಿದು ಕಾರು ಓಡಿಸಿ ಜೈಲು ಸೇರಿದರು. ಕ್ಲಬ್ ಅವರನ್ನು ಕೈಬಿಡಲಿಲ್ಲ. 1996ರಲ್ಲಿ ತಾನು ಮದ್ಯವ್ಯಸನಿ ಎಂದು ಅವರು ಬಹಿರಂಗವಾಗಿ ಒಪ್ಪಿಕೊಂಡು, ಕುಡಿತ ಬಿಟ್ಟರು. ಅದಾದ ಮೇಲೆ 1998 ಮತ್ತು 2002ರಲ್ಲಿ ಅದೇ ನಾಯಕನ ಕೈಯಲ್ಲಿ ತಂಡ ಲೀಗ್ ಹಾಗೂ ಎಫ್‌ಎ ಕಪ್ ಎರಡನ್ನೂ ಗೆದ್ದಿತು. ಚಟಕ್ಕೆ ಬಿದ್ದ ಆಟಗಾರರಿಗಾಗಿಯೇ 2000ದಲ್ಲಿ ಅವರು ಚಿಕಿತ್ಸಾ ಸಂಸ್ಥೆಯೊಂದನ್ನು ಕಟ್ಟಿದರು.

ಇದೆಲ್ಲ ಹೊರದೇಶದ ಮಾತು, ನಮ್ಮಲ್ಲಿ ಆಗುವುದಲ್ಲ ಎಂದು ಯಾರೂ ಹೇಳುವಂತಿಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಸಾಧ್ಯವೆಂದು ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯ ಹುಡುಗರಿಗೇ ಆ ನೆರವು ಮೈದಾನದ ತನಕ ಬಂದಿಲ್ಲವೆಂಬುದು ನಮ್ಮ ನೋವು.

ಆದ್ದರಿಂದ ನಮ್ಮ ಮೊದಲ ಹಾಗೂ ಮುಖ್ಯ ಬೇಡಿಕೆ: ಸಿರುಗುಪ್ಪ ತಾಲ್ಲೂಕು ಆಸ್ಪತ್ರೆಯಲ್ಲಿ ಆಟಗಾರರಿಗೆ ನಿಗದಿತ ದಿನಗಳಂದು ವ್ಯಸನಮುಕ್ತಿ ಸಮಾಲೋಚನೆ ಸಿಗಬೇಕು. ಹೆಸರು ಗುಟ್ಟಾಗಿರಬೇಕು. ಹೆಸರು ಹೊರಬೀಳುತ್ತದೆಂಬ ಭಯವಿದ್ದರೆ ಯಾವ ಹುಡುಗನೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಚಿಕಿತ್ಸೆ ಪಡೆಯುತ್ತಿರುವವನನ್ನು ತಂಡದಿಂದ ತೆಗೆಯಬಾರದೆಂದೂ, ವೈದ್ಯರು ಒಪ್ಪಿದ ಮೇಲೆ ಅಭ್ಯಾಸಕ್ಕೆ ಮರಳಿ ಸೇರಿಸಿಕೊಳ್ಳಬೇಕೆಂದೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮೂಲಕ ಲಿಖಿತ ಸೂಚನೆ ಹೊರಡಿಸಬೇಕು.

ದೈಹಿಕ ಶಿಕ್ಷಣ ಶಿಕ್ಷಕರಿಗೂ ಹಳ್ಳಿಯ ತರಬೇತುದಾರರಿಗೂ ಚಟದ ಮೊದಲ ಲಕ್ಷಣ ಗುರುತಿಸುವ ತರಬೇತಿ ಬೇಕು. ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ತಜ್ಞರ ನೆರವನ್ನು ಜಿಲ್ಲಾಡಳಿತ ಕೋರಬಹುದು. 14416 ಟೆಲಿ ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಮೈದಾನದಲ್ಲೂ ಬರೆಸಬೇಕು.

ಶಿಕ್ಷಣ ಸಂಸ್ಥೆಗಳ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ಕಾಯ್ದೆ ಹೇಳುತ್ತದೆ. ಮಕ್ಕಳು ಸಂಜೆಯೆಲ್ಲ ಕಳೆಯುವ ಮೈದಾನಗಳಿಗೂ ಅದೇ ಕಾವಲು ಬೇಕು. ಮಕ್ಕಳಿಗೆ ಮದ್ಯ, ತಂಬಾಕು ಕೊಡುವವರಿಗೆ ಬಾಲನ್ಯಾಯ ಕಾಯ್ದೆಯಡಿ 7 ವರ್ಷದವರೆಗೆ ಶಿಕ್ಷೆಯಿದೆ. ಪಂದ್ಯಾವಳಿಗಳಿಗೆ ಅನುಮತಿ ಕೊಡುವಾಗಲೇ ಸಂಘಟಕರಿಗೆ ಇದನ್ನು ತಿಳಿಸಿ, ಮದ್ಯ ಹಂಚುವುದಿಲ್ಲವೆಂಬ ಮುಚ್ಚಳಿಕೆ ಬರೆಸಿಕೊಳ್ಳಬೇಕು.

ಪಾಲಕರಾದ ನಾವು ನಮ್ಮ ಪಾಲಿನ ಕೆಲಸಕ್ಕೆ ಸಿದ್ಧರಿದ್ದೇವೆ: ಹುಡುಗರನ್ನು ಆಸ್ಪತ್ರೆಗೆ ಕರೆತರುವುದು, ಗೆದ್ದಾಗ ಕುಡಿಸುವ ಪದ್ಧತಿಯನ್ನು ನಮ್ಮೂರುಗಳಲ್ಲಿ ನಿಲ್ಲಿಸುವುದು ನಮ್ಮ ಹೊಣೆ. ತಾವು ಕ್ರೀಡೆ, ಆರೋಗ್ಯ, ಅಬಕಾರಿ ಇಲಾಖೆಗಳ ಅಧಿಕಾರಿಗಳ ಜಂಟಿ ಸಭೆಯನ್ನು ಮುಂದಿನ ಕೊಯ್ಲಿನ ಮೊದಲೇ ಸಿರುಗುಪ್ಪದಲ್ಲಿ ಕರೆದು, ನಮ್ಮನ್ನೂ ಆಹ್ವಾನಿಸಿ, ಮೇಲಿನ ಬೇಡಿಕೆಗಳ ಮೇಲೆ ಆದೇಶ ಹೊರಡಿಸಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇವೆ.

ಸ್ಥಳ: ಕೆಂಚನಗುಡ್ಡ

ಇಂತಿ ತಮ್ಮ ವಿಶ್ವಾಸಿಗಳು,
ಕೆಂಚನಗುಡ್ಡ ಹಾಗೂ ಸುತ್ತಲಿನ ಗ್ರಾಮಗಳ ಆಟಗಾರರು ಮತ್ತು ಪಾಲಕರು