ಇಳಿವಯಸ್ಸಿನ ಮನೆ: ತಿಂಗಳ ಬಿಲ್ಲಿಗೆ ಲಗಾಮು ಎಲ್ಲಿ?

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹೆಸರಿನ ಪರ–ವಿರೋಧದ ಮಾತು ಬೇಕಾದಷ್ಟಾಗಿದೆ. ಆದರೆ ಈ ಹೆಸರಿನ ಬೆನ್ನಿಗೇ ಬರುವ ಇನ್ನೊಂದು ವಾದವನ್ನು ಯಾರೂ ಸರಿಯಾಗಿ ಪರಿಶೀಲಿಸುತ್ತಿಲ್ಲ. ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದವರೆಗಿನ ಸೀಮೆ ನಿವೃತ್ತರಿಗೆ ಹೇಳಿ ಮಾಡಿಸಿದ ಜಾಗ ಎಂಬುದು ಆ ವಾದ. ಬೆಟ್ಟದ ಗಾಳಿ ಇದೆ, ದೇವಸ್ಥಾನ ಇದೆ, ವಿಮಾನ ನಿಲ್ದಾಣ ದೂರವಿಲ್ಲ, ದಾಬಸ್‌ಪೇಟೆಯಿಂದ ಹೊಸಕೋಟೆಗೆ ರಿಂಗ್ ರಸ್ತೆಯೂ ಬಂದಿದೆ. ಇಲ್ಲಿ ‘ಹಿರಿಯರ ಹಳ್ಳಿ’ ಕಟ್ಟುವವರಿಗೆ ಸರ್ಕಾರ ತೆರಿಗೆ ಇಳಿಸಿ, ಭೂಪರಿವರ್ತನೆ ಸುಲಭ ಮಾಡಿಕೊಟ್ಟರೆ ಸ್ವಾವಲಂಬಿ ವೃದ್ಧರ ವಸತಿ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ ಎನ್ನುತ್ತಾರೆ. ನೀತಿ ಆಯೋಗ 2024ರ ಫೆಬ್ರುವರಿಯಲ್ಲಿ ಹೊರತಂದ ಹಿರಿಯರ ಆರೈಕೆಯ ವರದಿಯಲ್ಲಿ ತೆರಿಗೆ ಸುಧಾರಣೆಯ ಪ್ರಸ್ತಾಪ ಇರುವುದರಿಂದ ಈ ವಾದಕ್ಕೆ ಬಲವೂ ಬಂದಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಶುಲ್ಕ ವರ್ಷಕ್ಕೆ ಎಷ್ಟು ಏರಬಹುದು ಎಂಬುದಕ್ಕೆ ಕಾನೂನಿನ ಮಿತಿ ಬರುವವರೆಗೆ ಇಂಥ ಯೋಜನೆಗಳಿಗೆ ಒಂದು ರೂಪಾಯಿ ರಿಯಾಯಿತಿಯೂ ಸಲ್ಲದು. ಘಾಟಿಯಲ್ಲೂ ಸಲ್ಲದು, ದೇವನಹಳ್ಳಿಯಲ್ಲೂ ಸಲ್ಲದು.

ಇದು ಕಟ್ಟುವವರ ಮೇಲಿನ ಸಿಟ್ಟಿನ ಮಾತಲ್ಲ. ರಿಯಾಯಿತಿಯನ್ನು ಮಿತಿಯೊಂದಿಗೆ ಕಟ್ಟಿಹಾಕಿದ ಉದಾಹರಣೆ ನಮ್ಮ ಕಾನೂನಿನಲ್ಲೇ ಇದೆ, ಆದರೆ ಅದರತ್ತ ನೋಡುವವರಿಲ್ಲ. 2018ರ ಜುಲೈನಲ್ಲಿ ಜಿಎಸ್‌ಟಿ ವಿನಾಯಿತಿ ಪಟ್ಟಿಗೆ ಒಂದು ಸಾಲು ಸೇರಿತು. ಸರ್ಕಾರ ಅಥವಾ ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ದತ್ತಿ ಸಂಸ್ಥೆ ನಡೆಸುವ ವೃದ್ಧಾಶ್ರಮವು 60 ದಾಟಿದವರಿಂದ ಪಡೆಯುವ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಆದರೆ ಆ ಶುಲ್ಕ ಒಬ್ಬರಿಗೆ ತಿಂಗಳಿಗೆ 25,000 ರೂಪಾಯಿ ಮೀರಬಾರದು, ಊಟ, ವಸತಿ, ನಿರ್ವಹಣೆ ಮೂರೂ ಅದರಲ್ಲೇ ಸೇರಿರಬೇಕು. ಇಲ್ಲಿ ಎರಡು ತತ್ವಗಳಿವೆ. ಮೊದಲನೆಯದು, ಹಿರಿಯರ ವಸತಿಯಲ್ಲಿ ತೆರಿಗೆ ರಿಯಾಯಿತಿ ಬೇಕಾದವರು ಬೆಲೆಯ ಮಿತಿಯನ್ನು ಒಪ್ಪಬೇಕು. ಎರಡನೆಯದು, ಊಟಕ್ಕೊಂದು, ನೀರಿಗೊಂದು, ಲಿಫ್ಟಿಗೊಂದು ಎಂದು ಬಿಲ್ಲು ಒಡೆದು ಆ ಮಿತಿಯಿಂದ ನುಣುಚಿಕೊಳ್ಳುವಂತಿಲ್ಲ. ಈಗ ಖಾಸಗಿ ಯೋಜನೆಗಳ ಪರವಾಗಿ ವಾದಿಸುವವರು ಕೇಳುತ್ತಿರುವುದು ಮೊದಲ ತತ್ವದ ಅರ್ಧ ಭಾಗ ಮಾತ್ರ. ರಿಯಾಯಿತಿ ಬೇಕು, ಮಿತಿ ಬೇಡ.

ಮಿತಿ ಏಕೆ ಬೇಕು ಎಂಬುದು ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ಭಾರತದಲ್ಲಿ 60 ತಲುಪಿದ ವ್ಯಕ್ತಿ ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾನೆ, ಹೆಂಗಸರು ಅದಕ್ಕಿಂತ ತುಸು ಹೆಚ್ಚು. ಮನೆ ಕೊಂಡವರನ್ನು ಕಾಯುವ 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಕಟ್ಟಡದ ದೋಷಕ್ಕೂ ಸೇವೆಯ ಕೊರತೆಗೂ ಬಿಲ್ಡರನ್ನು ಹೊಣೆಯಾಗಿಸುವುದು ಮನೆ ಕೈಗೆ ಬಂದ 5 ವರ್ಷದವರೆಗೆ. ಯುವ ದಂಪತಿ ಫ್ಲ್ಯಾಟ್ ಕೊಂಡಾಗ ಇದು ಸಾಲಬಹುದು. ಆಮೇಲೆ ಅವರೇ ಸಂಘ ಕಟ್ಟಿಕೊಳ್ಳುತ್ತಾರೆ, ಜಗಳವಾಡುತ್ತಾರೆ, ಬೇಸತ್ತರೆ ಮಾರಿ ಹೋಗುತ್ತಾರೆ. 65ರಲ್ಲಿ ಬಂದವರಿಗೆ 5 ವರ್ಷ ಮುಗಿಯುವುದು 70ಕ್ಕೆ. ಮಂಡಿ ಸೋಲುವುದು, ಕಣ್ಣು ಮಂಜಾಗುವುದು, ಜೊತೆಗಾರ ತೀರಿಕೊಳ್ಳುವುದು ಎಲ್ಲವೂ ಅಲ್ಲಿಂದಾಚೆಗೆ. ಸೇವೆಯ ಅಗತ್ಯ ಶುರುವಾಗುವ ಹೊತ್ತಿಗೆ ಕಾನೂನಿನ ಕಾವಲು ಮುಗಿದಿರುತ್ತದೆ. ಸಂಘ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ‘ನ್ಯಾಯಯುತ ಶುಲ್ಕ’ಕ್ಕೆ ಒದಗಿಸಬೇಕು ಎಂದು ಅದೇ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ, ನಿಜ. ಆದರೆ ನ್ಯಾಯ ಯಾವುದು ಎಂದು ಅಳೆಯುವ ಗಜಕಡ್ಡಿ ಅದರಲ್ಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಖಾಸಗಿ ಕಂಪನಿಯಿಂದ ನಿವೃತ್ತರಾದ ದಂಪತಿ ಎಂದುಕೊಳ್ಳಿ. ಬೆಂಗಳೂರಿನ ಮನೆ ಮಾರಿ ಹಿರಿಯರ ಹಳ್ಳಿಯಲ್ಲಿ ಪುಟ್ಟ ಮನೆ ಕೊಂಡರು. ಉಳಿದ ಹಣದಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಗರಿಷ್ಠ ಮಿತಿಯಷ್ಟು, ಅಂದರೆ ತಲಾ 30 ಲಕ್ಷ ರೂಪಾಯಿ ಇಟ್ಟರು. ಶೇ 8.2 ಬಡ್ಡಿಯ ಲೆಕ್ಕದಲ್ಲಿ ಇಬ್ಬರಿಗೂ ಸೇರಿ ತಿಂಗಳಿಗೆ 41,000 ಬರುತ್ತದೆ. ನಮ್ಮ ಮಧ್ಯಮ ವರ್ಗದಲ್ಲಿ ಇವರು ಅನುಕೂಲಸ್ಥರೇ. ಊಟ, ನಿರ್ವಹಣೆ, ತೆರಿಗೆ ಎಲ್ಲ ಸೇರಿ ಮೊದಲ ವರ್ಷ ತಿಂಗಳ ಬಿಲ್ಲು 35,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇ 8ರಂತೆ ಏರಿದರೆ ಮೂರನೇ ಏರಿಕೆಯಲ್ಲೇ ಅದು 44,000 ದಾಟುತ್ತದೆ. ಬಡ್ಡಿ 41,000ದಲ್ಲೇ ನಿಂತಿರುತ್ತದೆ. 9 ವರ್ಷಕ್ಕೆ ಬಿಲ್ಲು 70,000, 18 ವರ್ಷಕ್ಕೆ ಸುಮಾರು 1.4 ಲಕ್ಷ. ಏರಿಕೆಯನ್ನು ಶೇ 5ಕ್ಕೆ ತಡೆದರೆ 18ನೇ ವರ್ಷದ ಬಿಲ್ಲು 84,000ದ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಎರಡರ ನಡುವಿನ ಅಂತರದಲ್ಲೇ ಒಬ್ಬ ಮುದುಕನ ಮಾನ ಉಳಿಯುವುದೂ ಹೋಗುವುದೂ ತೀರ್ಮಾನವಾಗುತ್ತದೆ. ಹೀಗಿದ್ದೂ ಮಾರಾಟದ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಇರುವುದು ಚದರಡಿಯ ಬೆಲೆ ಒಂದೇ.

ತುಟ್ಟಿಭತ್ಯೆ ಸಹಿತ ಪಿಂಚಣಿ ಇರುವ ಸರ್ಕಾರಿ ನಿವೃತ್ತರಿಗೆ ಈ ಬಿಸಿ ಅಷ್ಟಾಗಿ ತಟ್ಟದು. ಬೆಲೆ ಏರಿದರೆ ಅವರ ಕೈಗೆ ಬರುವ ಹಣವೂ ಒಂದಿಷ್ಟು ಏರುತ್ತದೆ. ನೀತಿ ರೂಪಿಸುವ ಮೇಜಿನ ಸುತ್ತ ಕೂತವರು, ಪತ್ರಿಕೆಗಳಲ್ಲಿ ಹಿರಿಯರ ಹಳ್ಳಿಗಳನ್ನು ಹೊಗಳಿ ಬರೆಯುವವರು ಬಹುಪಾಲು ಇವರೇ ಆಗಿರುವುದರಿಂದ ಲೆಕ್ಕದ ಈ ಪುಟ ತೆರೆಯುವುದೇ ಇಲ್ಲ ಎಂಬ ಅನುಮಾನ ನನಗಿದೆ. ಭವಿಷ್ಯನಿಧಿ ಪಿಂಚಣಿಯನ್ನು ನಂಬಿದವರ ಸ್ಥಿತಿ ಬೇರೆ. 15,000 ರೂಪಾಯಿ ವೇತನ ಮಿತಿಯ ಲೆಕ್ಕದಲ್ಲಿ 35 ವರ್ಷದ ಸೇವೆಗೆ ಸಿಗುವುದು 7,500 ರೂಪಾಯಿ. ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ.

ಘಾಟಿ ಸೀಮೆಯ ವಿಷಯದಲ್ಲಂತೂ ಈ ಏರಿಕೆ ಬರಿಯ ಊಹೆಯಲ್ಲ. ಕಾರಣ ನೀರು. ದೊಡ್ಡಬಳ್ಳಾಪುರ ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ದಾಟುವಷ್ಟರಲ್ಲಿ ಏನಾಗುತ್ತದೆ ಎಂದು ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳ ಕೆಳಗಿನ ರೈತರನ್ನು ಕೇಳಿದರೆ ಸಾಕು, ಕೊಳಚೆ ನೀರಿನ ವಿರುದ್ಧ ಅವರು ಬೀದಿಗಿಳಿದು ವರ್ಷಗಳಾದವು. ಕೊಳವೆಬಾವಿ ಬತ್ತಿದರೆ ಉಳಿಯುವುದು ಟ್ಯಾಂಕರ್. ಟ್ಯಾಂಕರಿನ ಬೆಲೆ ಬೇಸಿಗೆಯಲ್ಲಿ ಎತ್ತ ಹೋಗುತ್ತದೆ ಎಂದು ಬೆಂಗಳೂರಿನವರಿಗೆ 2024ರಲ್ಲಿ ಗೊತ್ತಾಗಿದೆ. ಆ ಹೊರೆ ಬಂದು ಕೂರುವುದು ಇದೇ ತಿಂಗಳ ಬಿಲ್ಲಿನ ಮೇಲೆ.

ಇನ್ನೊಂದು ಕಾರಣ ಆಸ್ಪತ್ರೆ. ಘಾಟಿ ಬೆಂಗಳೂರಿಗೆ ಸುಮಾರು 60 ಕಿಲೊಮೀಟರ್ ದೂರ. ಎದೆನೋವು ಬಂದರೆ ಮೊದಲು ದೊಡ್ಡಬಳ್ಳಾಪುರ, ಅಲ್ಲಿಂದ ಮುಂದಿನ ಮಾತು. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವ, ದನಗಳ ಜಾತ್ರೆ, ವಾರಾಂತ್ಯದ ಜನ ಸೇರಿದಾಗ ಆ ರಸ್ತೆಯಲ್ಲಿ ಆಂಬುಲೆನ್ಸ್ ಹೇಗೆ ಹೊರಬರಬೇಕು ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಹಿರಿಯರ ಹಳ್ಳಿ ತನ್ನದೇ ದಾದಿ, ತನ್ನದೇ ಆಂಬುಲೆನ್ಸ್ ಇಟ್ಟುಕೊಳ್ಳಲೇಬೇಕು. ಸರ್ಕಾರ ಮಾಡಬೇಕಾದದ್ದನ್ನು ನಿವಾಸಿಯ ಬಿಲ್ಲಿಗೆ ಬರೆದು, ಅದಕ್ಕೆ ‘ಪ್ರಶಾಂತ ಪರಿಸರ’ ಎಂದು ಹೆಸರು ಕೊಡುವುದು ಜಾಣತನವೇ ಸರಿ.

ಶುಲ್ಕ ಹೊರೆಯಾದರೆ ಮಾರಿ ಹೋಗಬಹುದಲ್ಲ ಎಂಬ ಮಾತೂ ಕೇಳಿಬರುತ್ತದೆ. ಇಂಥ ಯೋಜನೆಗಳ ಕರಾರುಗಳನ್ನು ಓದಿದವರು ಹಾಗೆ ಹೇಳಲಾರರು. ಇಂತಿಷ್ಟು ವಯಸ್ಸು ದಾಟಿದವರಿಗೇ ಮಾರಬೇಕು, ನಿರ್ವಾಹಕರ ಒಪ್ಪಿಗೆ ಬೇಕು, ವರ್ಗಾವಣೆ ಶುಲ್ಕ ಕೊಡಬೇಕು ಎಂಬ ಷರತ್ತುಗಳು ಸಾಮಾನ್ಯ. ಮಕ್ಕಳಿಗೆ ಆಸ್ತಿ ಬರುತ್ತದೆ, ಅಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ. ಖರೀದಿದಾರರ ಸಂಖ್ಯೆಯೇ ಕಡಿಮೆ ಇರುವ ಕಡೆ, ತಿಂಗಳ ಬಿಲ್ಲು ಏರಿದಷ್ಟೂ ಮನೆಯ ಬೆಲೆ ಇಳಿಯುತ್ತದೆ. ಬೆಂಗಳೂರಿನ ಮನೆಯನ್ನು ಮಾರಿ ಬಂದವರಿಗೆ ಮರಳಿ ಹೋಗಲು ಮನೆಯೂ ಇರುವುದಿಲ್ಲ.

ನಿಯಮ ಹೇರಿದರೆ ಕಟ್ಟುವವರು ಓಡಿಹೋಗುತ್ತಾರೆ ಎಂಬುದು ಕೊನೆಯ ಅಸ್ತ್ರ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ 1999ರ ಕಾಯ್ದೆಯಂತೆ, ಬೆಲೆ ಸೂಚ್ಯಂಕವನ್ನು ಮೀರಿ ತಿಂಗಳ ಶುಲ್ಕ ಏರಿಸಬೇಕಾದರೆ ನಿವಾಸಿಗಳ ಒಪ್ಪಿಗೆ ಬೇಕು, ಒಪ್ಪದಿದ್ದರೆ ನ್ಯಾಯಮಂಡಳಿಗೆ ಹೋಗಬೇಕು. ನ್ಯೂಜಿಲೆಂಡಿನ 2003ರ ಕಾಯ್ದೆಯಂತೆ, ಸ್ವತಂತ್ರ ವಕೀಲರ ಸಲಹೆ ಪಡೆಯದೆ ಹಿರಿಯರಿಂದ ಕರಾರಿಗೆ ಸಹಿ ಹಾಕಿಸುವಂತಿಲ್ಲ. ಸಹಿ ಹಾಕಿದ ಮೇಲೂ 15 ಕೆಲಸದ ದಿನಗಳೊಳಗೆ ಮನಸ್ಸು ಬದಲಿಸಬಹುದು. ಎರಡು ದಶಕ ಕಳೆದರೂ ಅಲ್ಲಿ ಹಿರಿಯರ ಹಳ್ಳಿಗಳು ಹೆಚ್ಚಿವೆಯೇ ಹೊರತು ಮುಚ್ಚಿಲ್ಲ. ಅಷ್ಟು ದೂರ ಬೇಡ ಎನ್ನುವುದಾದರೆ ಪಕ್ಕದ ಮಹಾರಾಷ್ಟ್ರವಿದೆ. ಹಿರಿಯರ ವಸತಿ ಯೋಜನೆಗಳು ಪಾಲಿಸಲೇಬೇಕಾದ ಕನಿಷ್ಠ ಮಾನದಂಡಗಳನ್ನು ಅಲ್ಲಿನ ರೇರಾ ಪ್ರಾಧಿಕಾರ 2024ರಲ್ಲಿ ಕಡ್ಡಾಯ ಮಾಡಿತು. ಬಾಗಿಲು ಅಗಲವಾಗಿರಬೇಕು, ಗಾಲಿಕುರ್ಚಿ ಹೋಗುವ ಇಳಿಜಾರು ಇರಬೇಕು, ಬಚ್ಚಲಿನಲ್ಲಿ ಹಿಡಿಕೆ ಇರಬೇಕು ಎಂಬುದೆಲ್ಲ ಅದರಲ್ಲಿದೆ. ಒಳ್ಳೆಯದೇ. ಆದರೆ ಬಿಲ್ಲು ಕಟ್ಟಲಾಗದೆ ಒದ್ದಾಡುವವರಿಗೆ ಬಾಗಿಲ ಅಗಲದಿಂದ ಏನಾಗಬೇಕು? ಮಹಾರಾಷ್ಟ್ರ ನಿಂತಲ್ಲಿಂದ ಕರ್ನಾಟಕ ಮುಂದಕ್ಕೆ ಹೋಗಬೇಕು.

ಹಿರಿಯರಿಗೆಂದೇ 2007ರ ಪಾಲಕರ ಪೋಷಣೆ ಕಾಯ್ದೆ ಇದೆಯಲ್ಲ ಎನ್ನಬಹುದು. ಆ ಕಾಯ್ದೆಯ ಕಣ್ಣಿಗೆ ಬೀಳುವ ಅಪರಾಧಿಗಳು ಮುಖ್ಯವಾಗಿ ಮಕ್ಕಳು ಮತ್ತು ಬಂಧುಗಳು. ಮಗ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ 23ನೇ ಸೆಕ್ಷನ್ ಇದೆ, ದೊಡ್ಡಬಳ್ಳಾಪುರದಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಇದೆ. ಸಂಸ್ಥೆಯೊಂದು ಜೀವಮಾನದ ಉಳಿತಾಯ ಪಡೆದು, ಆಮೇಲೆ ಶುಲ್ಕ ಏರಿಸುತ್ತ ಹೋದರೆ ಆ ಬಾಗಿಲಲ್ಲಿ ಪರಿಹಾರವಿಲ್ಲ. ಅದೇ ಕಾಯ್ದೆಯ 19ನೇ ಸೆಕ್ಷನ್ ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿಯ ವೃದ್ಧಾಶ್ರಮದ ಮಾತಾಡುತ್ತದೆ, ಅದೂ ನಿರ್ಗತಿಕರಿಗೆ. ಹೀಗೆ ಸರ್ಕಾರದ ಕಲ್ಪನೆಯಲ್ಲಿ ಎರಡೇ ಬಗೆಯ ಮುದುಕರಿದ್ದಾರೆ: ಏನೂ ಇಲ್ಲದವರು ಮತ್ತು ಎಲ್ಲ ಇರುವವರು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಮೂವತ್ತು ನಲವತ್ತು ವರ್ಷ ಸೀರೆ ನೇಯ್ದು, ಈಗ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಗೆ ಕಾಯುವವರು ನಿರ್ಗತಿಕರ ಪಟ್ಟಿಗೂ ಸೇರಲಾರರು, ಹಿರಿಯರ ಹಳ್ಳಿಯ ಗೇಟಿನೊಳಗೂ ಹೋಗಲಾರರು. ಘಾಟಿಯ ಸರದಿಯಲ್ಲಿ ನಿಲ್ಲದೆ ದರ್ಶನ ಪಡೆಯುವ ಅನುಕೂಲವನ್ನು ಮುಜರಾಯಿ ಇಲಾಖೆ 65 ದಾಟಿದವರಿಗೆ 2023ರಲ್ಲಿ ಕೊಟ್ಟಿದೆ. ದರ್ಶನವಾದ ಮೇಲೆ ಅವರು ಮರಳುವ ಮನೆಯ ಬಗ್ಗೆ ಯಾವ ಇಲಾಖೆಗೂ ಯೋಚನೆಯಿಲ್ಲ.

25,000 ರೂಪಾಯಿಯ ಆ ಸಾಲಿಗೆ ಮತ್ತೆ ಬರುತ್ತೇನೆ, ಏಕೆಂದರೆ ಘಾಟಿಯ ಮಟ್ಟಿಗೆ ದಾರಿ ಅಲ್ಲೇ ಇದೆ. ಕ್ಷೇತ್ರದಲ್ಲಿ ಛತ್ರಗಳಿಗೆ ಬರವಿಲ್ಲ. ಮದುವೆ, ಷಷ್ಠಿಯ ದಿನಗಳನ್ನು ಬಿಟ್ಟರೆ ಛತ್ರದ ಕೋಣೆಗಳಿಗೆ ಬೀಗವೇ ಹೆಚ್ಚು. ಇಂಥ ಛತ್ರಗಳ ಹಿಂದಿರುವ ದತ್ತಿ ಸಂಸ್ಥೆಗಳು ಒಂದು ಪಾರ್ಶ್ವವನ್ನು ಹಿರಿಯರ ಕಾಯಂ ವಾಸಕ್ಕೆ ಮಾರ್ಪಡಿಸಿದರೆ ಜಮೀನು ಹೊಸದಾಗಿ ಬೇಕಿಲ್ಲ, ಜಿಎಸ್‌ಟಿ ವಿನಾಯಿತಿಗೆ ಹೊಸ ಆದೇಶವೂ ಬೇಕಿಲ್ಲ. ಬಾಡಿಗೆಯಲ್ಲಿ ಇರುವವರು ಮನೆ ಕೊಳ್ಳಬೇಕಿಲ್ಲ, ಸರಿಹೋಗದಿದ್ದರೆ ಹೊರಡಬಹುದು. ಸರ್ಕಾರ ಕೊಡುವುದಾದರೆ ಇವರಿಗೆ ಕೊಡಲಿ: ಕುಡಿಯುವ ನೀರಿನ ಸಂಪರ್ಕ, ತೂಬಗೆರೆ ಕಡೆಯ ಸರ್ಕಾರಿ ಆಸ್ಪತ್ರೆಯಿಂದ ವಾರಕ್ಕೊಮ್ಮೆ ವೈದ್ಯರು, ಜಾತ್ರೆಯ ದಿನ ಆಂಬುಲೆನ್ಸಿಗೆ ತೆರವಾದ ದಾರಿ.

ಖಾಸಗಿ ಯೋಜನೆಗಳಿಗೆ ಬಾಗಿಲು ಮುಚ್ಚಬೇಕಿಲ್ಲ. ಕರ್ನಾಟಕದ ರೇರಾಕ್ಕೆ 37ನೇ ಸೆಕ್ಷನ್ನಿನಡಿ ಎಲ್ಲರೂ ಪಾಲಿಸಲೇಬೇಕಾದ ನಿರ್ದೇಶನ ಹೊರಡಿಸುವ ಅಧಿಕಾರವಿದೆ. ಹಿರಿಯರ ವಸತಿ ಎಂದು ಜಾಹೀರಾತು ಕೊಡುವ ಪ್ರತಿ ಯೋಜನೆಯೂ ಶುಲ್ಕ ಏರಿಕೆಯ ಸೂತ್ರವನ್ನು ಮಾರಾಟದ ಕರಾರಿನಲ್ಲೇ ಬರೆಯಬೇಕು, ನಿರ್ವಾಹಕರು ಹಿಂದೆ ನಡೆಸಿದ ಯೋಜನೆಗಳ ಐದು ವರ್ಷದ ಬಿಲ್ಲುಗಳನ್ನು ಬಹಿರಂಗಪಡಿಸಬೇಕು ಎಂದು ಆದೇಶಿಸುವುದರಿಂದ ಆರಂಭಿಸಬಹುದು. ಸೂಚ್ಯಂಕ ಮೀರಿದ ಏರಿಕೆಗೆ ನಿವಾಸಿಗಳ ಒಪ್ಪಿಗೆ ಬೇಕೆಂಬುದಕ್ಕೆ ರಾಜ್ಯ ತನ್ನದೇ ಕಾಯ್ದೆ ತರಲಿ. ಅದಕ್ಕೆ ಒಪ್ಪಿದವರು ಮಾತ್ರ ರಿಯಾಯಿತಿಗೆ ಅರ್ಹರು.

ಅಲ್ಲಿಯವರೆಗೆ ಓದುಗರಿಗೊಂದು ಮಾತು. ಘಾಟಿಯ ದಾರಿಯಲ್ಲಿ ಸೈಟ್ ನೋಡಲು ಹೋದಾಗ ಚದರಡಿಗೆ ಎಷ್ಟು ಎಂದು ಕೇಳಬೇಡಿ. ಐದು ವರ್ಷದ ಹಿಂದೆ ತಿಂಗಳಿಗೆ ಎಷ್ಟಿತ್ತು, ಈಗ ಎಷ್ಟು ಎಂದು ಕೇಳಿ. ಉತ್ತರ ಬರೆದುಕೊಡದಿದ್ದರೆ ಮುಂಗಡ ಕೊಡಬೇಡಿ.